ವಾದ್ಯದಂಗಡಿಯ ಮಾವಶಿ

ಮಾವಶಿಯ ಎರಡೂ ಅಂಗೈಗಳಲ್ಲಿ, ಬೆರಳುಗಳ ಬುಡಕ್ಕೆ ಅಡ್ಡಲಾಗಿ, ಹಗ್ಗ ಎಳೆದೆಳೆದು ದಡ್ಡುಗಟ್ಟಿತ್ತು. ಸಂತೆಗೆ ಹೊರಟರೆ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ಯಾರಾದರೂ ನೋಡಿ ಕೇಳಿದರೆ, “ಬಾವಿ ನೀರ ಸೇದಿದ್ದು” ಎನ್ನುತ್ತಿದ್ದಳು. ನಮ್ಮ ಓಣಿಯಲ್ಲಿ ಬಾವಿಯೇ ಇರಲಿಲ್ಲ.

ನಾನು ಅಕ್ಕಲಕೋಟೆ ಕಡೆಯ ಹನ್ನೂರಿನವಳು. ಸೊಲ್ಲಾಪುರದ ಒಂದು ಕನ್ನಡ ಶಾಲೆಯಲ್ಲಿ ಕೆಲಸ ಸಿಕ್ಕಾಗ, ಮಾವಶಿಯ ವಾದ್ಯದಂಗಡಿಯ ಮೇಲಿನ ಖೋಲಿಯಲ್ಲಿ ಬಾಡಿಗೆಗೆ ಬಂದೆ. ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ; ಓಣಿಯವರೆಲ್ಲ ಆಕೆಯನ್ನು ಹಾಗೇ ಕರೆಯುತ್ತಿದ್ದರು. ಎದುರಿಗೆ ಜೋಳದ ಕಡಕ್ ಭಕ್ರಿ, ಶೇಂಗಾ ಚಟ್ನಿ ಮಾರುವ ಹೆಂಗಸರು ಮರಾಠಿಯಲ್ಲಿ ಗಿರಾಕಿಗಳನ್ನು ಕೂಗುತ್ತಿದ್ದರು. ಪಕ್ಕದ ಚಾದರಿನ ಅಂಗಡಿಯ ಗಂಡಹೆಂಡತಿ ತೆಲುಗಿನಲ್ಲಿ ಜಗಳವಾಡುತ್ತಿದ್ದರು. ಮೂಲೆಯ ಬ್ಯಾಂಡ್ ಪಾರ್ಟಿಯವನೊಬ್ಬ ಯಾವುದೋ ಮದುವೆ ಹಾಡಿನ ಅರ್ಧ ಸಾಲನ್ನು ಮಧ್ಯಾಹ್ನದವರೆಗೂ ಕ್ಲಾರಿನೆಟ್ಟಿನಲ್ಲಿ ಊದುತ್ತಿದ್ದ. ಇಷ್ಟು ಸಾಲದೆಂಬಂತೆ ಕೆಳಗಿನಿಂದ ಢೋಲಕಿ, ಪಖವಾಜ, ಹಲಗಿಗಳ ಸದ್ದು. ಮೊದಲ ವಾರವೇ, ಪೇಪರು ತಿದ್ದುತ್ತ ಕೂತವಳು ತಡೆಯಲಾರದೆ “ಸ್ವಲ್ಪ ಮೆಲ್ಲಕ ಬಾರಸ್ರಿ” ಎಂದು ಮೇಲಿಂದ ಕೂಗಿದೆ. ಮಾವಶಿ ಹೊರಗೆ ಬಂದು ತಲೆಯೆತ್ತಿದಳು.

“ಮೆಲ್ಲಕ ಬಾರ್ಸಿದ್ರ ತೊಗಲಿನ ಐಬ ಗೊತ್ತಾಗಂಗಿಲ್ರಿ ಅಕ್ಕೋರ. ನೀವು ಮಕ್ಕಳನ್ನ ಮೆಲ್ಲಕ ಓದಸ್ತೀರೇನು?”

ಅಂದಿನಿಂದ ನಮಗೆ ಸ್ನೇಹವಾಯಿತು. ವಾಗದರಿಯ ತವರಿನ ಕನ್ನಡವನ್ನು ಬಾಯ್ತುಂಬ ಆಡಲು ಆಕೆಗೆ ಆ ಓಣಿಯಲ್ಲಿ ನಾನೊಬ್ಬಳೇ ಸಿಕ್ಕಿದ್ದೆ.

ಆಕೆಯ ಗಂಡನನ್ನು ಎಲ್ಲರೂ ಉಸ್ತಾದ ಎನ್ನುತ್ತಿದ್ದರು. ಅಂಗಡಿಯ ಮುಂದಿನ ಗಾದಿಯ ಮೇಲೆ ಶಾಲು ಹೊದ್ದು ಕೂತು, ಗಿರಾಕಿಗಳು ತಂದ ವಾದ್ಯವನ್ನು ಎಡಗೈಯಿಂದ ತಟ್ಟಿ ನೋಡಿ, “ನಾಳೆ ಬರ್ರಿ” ಎನ್ನುತ್ತಿದ್ದರು. ಹಿಂದೆ ಒಂದು ಪರದೆ. ಪರದೆಯಾಚೆಗಿನ ಅಂಗಳ ನನ್ನ ಕಿಟಕಿಗೆ ಕಾಣುತ್ತಿತ್ತು. ಒಂದು ದಿನ ನೋಡಿದೆ: ನೆನೆಸಿದ ತೊಗಲನ್ನು ಡೊಳ್ಳಿನ ಬಾಯಿಗೆ ಹೊದಿಸಿ, ಕಾಲೊತ್ತಿ ಹಿಡಿದು, ಸೀರೆಯ ಕಚ್ಚೆ ಬಿಗಿದ ಮಾವಶಿ ಹಗ್ಗ ಎಳೆಯುತ್ತಿದ್ದಳು. ಉಸ್ತಾದರು ಪಕ್ಕದಲ್ಲಿ ಕೂತು, ಕಿವಿಗೊಟ್ಟು, “ಇನ್ನೊಂದ ಸುತ್ತ ಎಳಿ” ಎನ್ನುತ್ತಿದ್ದರು. ಶಾಲು ಜಾರಿತ್ತು. ಬಲಗೈ ತೊಡೆಯ ಮೇಲೆ ಸತ್ತಂತೆ ಬಿದ್ದಿತ್ತು.

ಲಕ್ವಾ ಹೊಡೆದು ಆಗಲೇ ವರ್ಷವಾಗಿತ್ತಂತೆ. ಸಂಜೆ ಮಾವಶಿ ನನ್ನ ಖೋಲಿಗೆ ಬಂದಳು.

“ಅಕ್ಕೋರ, ಮ್ಯಾಲಿಂದ ಕಂಡದ್ದು ಮ್ಯಾಲೇ ಇರ್ಲಿ. ಅವರ ಕೈ ಹೋದ್ರೂ ಹೆಸರ ಉಳದದ. ಅದೂ ಹೋದ್ರ ಮನಶ್ಯಾ ಉಳ್ಯಾಂಗಿಲ್ಲ.”

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಮೂರು ವರ್ಷ ನಡೆಸಿಯೂ ಕೊಟ್ಟೆ. ಕಷ್ಟವಾಗುತ್ತಿದ್ದುದು ಅಪ್ಪ ಬಂದಾಗ. ನಮ್ಮದು ಕುರಿ ಸಾಕುವ ಮನೆತನ. ಅಪ್ಪ ಬೀರಪ್ಪ ದೇವರ ಡೊಳ್ಳಿನ ಮೇಳದ ಹಿರಿಯ. ಡೊಳ್ಳು ಕಟ್ಟಿಸಲು ಈ ಅಂಗಡಿಯೇ ಆಗಬೇಕು. “ಉಸ್ತಾದನ ಕೈಯಂಥಾ ಕೈ ಜಿಲ್ಲಾದಾಗ ಇಲ್ಲವ್ವ” ಎಂದು ನನ್ನೆದುರೇ ಹೊಗಳುತ್ತಿದ್ದ. ಮಾವಶಿ ಪರದೆಯ ಬಳಿ ಚಹಾ ಹಿಡಿದು ನಿಂತು ನಗುತ್ತಿದ್ದಳು.

ಆ ಮೂರನೆಯ ವರ್ಷದ ಕೊನೆಗೆ ಉಸ್ತಾದರು ತೀರಿಕೊಂಡರು. ಕಟ್ಟುವ ಕೈ ಹೋಯಿತೆಂದು ಅಕ್ಕಲಕೋಟೆಯ ಭಜನಾ ಮಂಡಳಿಯವರು ಕೊಟ್ಟಿದ್ದ ಪಖವಾಜಗಳನ್ನು ಹಾಗೇ ವಾಪಸು ಒಯ್ದರು. ಎರಡೇ ತಿಂಗಳಲ್ಲಿ ಅಂಗಡಿ ಬರಿದಾಯಿತು. ಮಾವಶಿ ಎದುರಿನ ಹೆಂಗಸರ ಜೊತೆ ಭಕ್ರಿ ಬಡಿಯಲು ಕೂತಳು. ಆಗ ಒಂದು ದಿನ ಅಪ್ಪ ಹರಿದ ಡೊಳ್ಳು ಹೊತ್ತು ಬಂದ. ಮಾವಶಿ ಕೊಟ್ಟ ಚಹಾ ಕುಡಿಯುತ್ತ, “ಇನ್ನ ಇದನ್ನ ಯಾರ ಹಂತ್ಯಾಕ ಒಯ್ಯಲಿ?” ಎಂದು ನಿಟ್ಟುಸಿರಿಟ್ಟ. ಮಾವಶಿ ನೆಲ ನೋಡುತ್ತ ನಿಂತಿದ್ದಳು. ಆಕೆಯ ಉಗುರಲ್ಲಿ ಹಿಟ್ಟು ಮೆತ್ತಿತ್ತು. ನನಗೆ ತಡೆಯಲಾಗಲಿಲ್ಲ.

“ಎಲ್ಲಿಗೂ ಒಯ್ಯಬ್ಯಾಡ ಅಪ್ಪ. ನಾಕ ವರ್ಷದಿಂದ ನಿನ್ನ ಡೊಳ್ಳ ಕಟ್ಟಿದಾಕಿ ಇಲ್ಲೇ ನಿಂತಾಳ.”

ಅಪ್ಪ ನನ್ನನ್ನು ನೋಡಿ, ಆಮೇಲೆ ಮಾವಶಿಯ ಕೈಗಳನ್ನು ನೋಡಿದ. “ಹೆಣ್ಣಮಗಳು ಕಟ್ಟಿದ್ದನ್ನ ದೇವರ ಮುಂದ ಬಾರ್ಸೀನಾ?” ಎಂದವನೇ ಚಹಾದ ಬಸಿ ಕೆಳಗಿಟ್ಟು, ಡೊಳ್ಳು ಹೆಗಲಿಗೇರಿಸಿ ಹೊರಟುಬಿಟ್ಟ.

ಮಾವಶಿ ನನ್ನ ಕಡೆ ತಿರುಗಿದಳು. ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆ ಆ ಮುಖದಲ್ಲಿತ್ತು.

“ಅವರನ್ನ ಸುಳ್ಳಗಾರ ಮಾಡಿದ್ರಲ್ಲ ಅಕ್ಕೋರ. ನಾ ಹೇಳ್ರಿ ಅಂದಿದ್ನೇನು?”

ಹನ್ನೊಂದು ದಿನ ಆಕೆ ನನ್ನೊಡನೆ ಮಾತಾಡಲಿಲ್ಲ. ಒಳ್ಳೆಯದು ಮಾಡಲು ಹೋಗಿ ಸತ್ತವರ ಮಾನ ಕಳೆದೆನಲ್ಲ ಎಂದು ಶಾಲೆಯಲ್ಲಿಯೂ ಕೊರಗುತ್ತಿದ್ದೆ. ಬೇರೆ ಖೋಲಿ ಹುಡುಕತೊಡಗಿದೆ.

ಹನ್ನೆರಡನೆಯ ದಿನ, ರವಿವಾರ ಮಧ್ಯಾಹ್ನ, ಅಪ್ಪ ಮತ್ತೆ ಬಂದ. ಡೊಳ್ಳಿಗೆ ಹೊಸ ತೊಗಲು ಹಾಕಿತ್ತು. ಅಂಗಡಿಯ ಮೆಟ್ಟಿಲ ಕೆಳಗೇ ನಿಂತು ಮಾವಶಿಗೆ ಕೇಳುವಂತೆ ಹೇಳಿದ: “ಬ್ಯಾರೆ ಕಡೆ ಕಟ್ಟಿಸಿದೆ. ದನಿ ಏಳವಲ್ದು. ಬೀರಪ್ಪ ನಾಕ ವರ್ಷ ಸುಮ್ಮನ ಕೇಳ್ಯಾನ, ನಿಂದೇನ ತಕರಾರ ಅಂತ ನಮ್ಮ ಮನಿಯಾಕಿ ಬೈದ್ಲು.” ಹೆಗಲಿನ ಡೊಳ್ಳನ್ನು ಕೆಳಗಿಟ್ಟು, “ಉಸ್ತಾದ ಸುಳ್ಳಗಾರ ಅಲ್ಲ. ಕಿವಿ ಅವಂದ, ಕೈ ನಿಮ್ದು. ಅಷ್ಟ ತಿಳ್ಕೊಂಡೀನಿ” ಎಂದ.

ಮಾವಶಿ ಕೈ ಒರೆಸಿಕೊಳ್ಳುತ್ತ ಬಂದು ಡೊಳ್ಳಿನ ಮೇಲೆ ಬೆರಳಾಡಿಸಿದಳು. “ಇದು ಹೆಣ್ಣಾಡಿನ ತೊಗಲ ಅಣ್ಣಾ. ಇದು ದೇವರಿಗೆ ನಡೀತದ. ನನ್ನ ಕೈಯಷ್ಟ ನಡಿಯಂಗಿಲ್ಲೇನು?”

ಅಪ್ಪ ಡೊಳ್ಳನ್ನು ಆಕೆಯ ಮುಂದೆ ಸರಿಸಿದ. ಆಕೆ ಅಂಗಳಕ್ಕೆ ಹೋಗದೆ, ಓಣಿಗೆಲ್ಲ ಕಾಣುವಂತೆ ಅಂಗಡಿಯ ಮುಂದೆಯೇ ಡೊಳ್ಳನ್ನು ಬಿಚ್ಚಿದಳು. ಕಾಲೊತ್ತಿ ಹಗ್ಗ ಎಳೆದಳು. ಇನ್ನೊಂದು ಸುತ್ತು ಎನ್ನಲು ಈಗ ಯಾರೂ ಇರಲಿಲ್ಲ. ತಟ್ಟುವಳು, ಕೇಳುವಳು, ತಲೆಯಾಡಿಸಿ ಮತ್ತೆ ಸಡಿಲಿಸುವಳು. ಮೂರು ಸಲ ಹಾಗಾಯಿತು. ಭಕ್ರಿಯ ಹೆಂಗಸರು ಬಂದು ಸುತ್ತ ನಿಂತರು, ಕ್ಲಾರಿನೆಟ್ಟು ನಿಂತಿತು. ನಾಲ್ಕನೆಯ ಸಲ ತಟ್ಟಿ, ಡೊಳ್ಳನ್ನು ಅಪ್ಪನ ಕಡೆ ದೂಡಿದಳು. ಅಪ್ಪ ನಾಲ್ಕು ಪೆಟ್ಟು ಹಾಕಿ ಕಣ್ಣು ಮುಚ್ಚಿಕೊಂಡ. ಆಮೇಲೆ ನಿಲ್ಲಿಸಲೇ ಇಲ್ಲ.

ಅಂಗಡಿ ಮತ್ತೆ ನಡೆಯಿತು. ಡೀಜೆಗಳು ಬಂದು ಢೋಲಕಿ ಕಡಿಮೆಯಾದರೂ, ಹನ್ನೆರಡು ವರ್ಷ ಆಕೆ ಆ ಗಾದಿಯ ಮೇಲೇ ಕೂತು ದುಡಿದಳು. ಹೋದ ವರ್ಷ ತೀರಿಕೊಂಡಾಗ ಅಪ್ಪನ ಮೇಳ ಹನ್ನೂರಿನಿಂದ ಬಂದು ಅಂಗಡಿಯ ಮುಂದೆ ಡೊಳ್ಳು ಬಾರಿಸಿತು.

ಅದಕ್ಕೆ ನಾಲ್ಕು ದಿನ ಮೊದಲು ಆಕೆಯನ್ನು ನೋಡಲು ದವಾಖಾನೆಗೆ ಹೋಗಿದ್ದೆ. ಮಾಫಿ ಕೇಳುವುದೊಂದು ಬಾಕಿ ಇತ್ತು. ನಾನು ಬಾಯಿ ತೆರೆಯುವ ಮೊದಲೇ ಮಾವಶಿ ಅಂದಳು:

“ನೀ ಅವತ್ತ ಹೇಳಬಾರದಿತ್ತು ಮಗಳ. ನೀ ಹೇಳಿದ್ದಕ್ಕ ನಾ ಇಷ್ಟ ದಿನಾ ಉಂಡೆ. ಎರಡೂ ಖರೆ.”

ಆಕೆ ನನ್ನನ್ನು ಮಗಳೇ ಎಂದದ್ದು ಅದೇ ಮೊದಲು. ನಾನು ಮಾಫಿ ಕೇಳಲಿಲ್ಲ, ಆಕೆ ಕೊಡಲೂ ಇಲ್ಲ. ಥರ್ಮಾಸಿನಲ್ಲಿ ಒಯ್ದಿದ್ದ ಚಹಾವನ್ನು ಇಬ್ಬರೂ ಹಂಚಿಕೊಂಡು ಕುಡಿದೆವು.