ಓವರ್‌ಕ್ಲಾಕ್ ಮಾಡಿದ ಕಂಪ್ಯೂಟರ್ ನಿಂತಿತೋ, ಇಲ್ಲವೋ?

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ರಿಂಗಾಯಿತು. ಅಂಗಡಿಯಲ್ಲಿ ನಾನೊಬ್ಬಳೇ. ಎತ್ತದೆ ವಿಧಿಯಿರಲಿಲ್ಲ.

ಇದು ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಕನ್ನಡ ಎಂ.ಎ. ಮುಗಿಸಿ ಗುಬ್ಬಿ ಬಸ್ ಸ್ಟ್ಯಾಂಡ್ ಹತ್ತಿರದ ಡಿಟಿಪಿ ಸೆಂಟರ್ ಒಂದಕ್ಕೆ ಸೇರಿದ್ದೆ. ಓನರ್ ಚಂದ್ರಣ್ಣ, "ಮೂರು ತಿಂಗ್ಳು ನೋಡಾಣ ಕಣಮ್ಮ, ಆಮೇಲೆ ಪರ್ಮನೆಂಟು" ಅಂದಿದ್ದರು.

ಆಗ ನನ್ನ ಕೈಗೆ ಬಂದಿದ್ದು ಒಂದು ಕಾಲೇಜಿನ ವಾರ್ಷಿಕ ಸಂಚಿಕೆ. ನೂರ ನಲವತ್ತು ಪುಟ. ಟೈಪಿಂಗ್ ಮುಗಿದಿತ್ತು, ತಿದ್ದಿ ಪ್ರಿಂಟ್ ತೆಗೆಯುವುದು ಬಾಕಿ. ಶನಿವಾರ ಮಧ್ಯಾಹ್ನದೊಳಗೆ ತುಮಕೂರಿನ ಪ್ರೆಸ್ಸಿಗೆ ತಲುಪಬೇಕು. ಕೈಕೊಟ್ಟರೆ ನಾನು ವಾಪಸ್ ನಮ್ಮೂರು ಬೆಳ್ಳಾವಿಗೆ...

ಕಂಪ್ಯೂಟರ್ ಮಾತ್ರ ಮಹಾ ನಿಧಾನ. ಒಂದು ಪುಟ ತಿರುಗಿಸಿ ಕಾಫಿ ಕುಡಿದು ಬರಬಹುದಿತ್ತು. ಅದಕ್ಕೇ ಬುಧವಾರ ಚಂದ್ರಣ್ಣನ ಬಾಮೈದ ಲೋಕೇಶ ಕುಣಿಗಲ್‌ನಿಂದ ಬಂದ. ಅಲ್ಲಿ ಅವನದು ಕಂಪ್ಯೂಟರ್ ರಿಪೇರಿ ಅಂಗಡಿ.

"ಮುನ್ನೂರು ಮೆಗಾಹರ್ಟ್ಸ್‌ನಲ್ಲಿ ಓಡ್ತಾ ಐತೆ ಬಾವ. ನಾನೂರೈವತ್ತಕ್ಕೆ ಏರಿಸ್ತೀನಿ. ಕಾಸು ಖರ್ಚಿಲ್ಲ."

"ಹೋರಿಗೆ ಹೆಂಡ ಕುಡಿಸ್ದಂಗೆ ಆಗಲ್ವೇನ್ಲಾ?"

ಅವನು ಸ್ಪೀಡ್ ಏರಿಸಿದ, ಅವನ ಭಾಷೆಯಲ್ಲಿ ಓವರ್‌ಕ್ಲಾಕ್ ಮಾಡಿದ. ವಿಂಡೋಸ್ ಬಂತು. ಚಂದ್ರಣ್ಣ ಚಪ್ಪಾಳೆ ಹೊಡೆದೇಬಿಟ್ಟರು.

"ತಡಿ ಬಾವ. ವಿಂಡೋಸ್ ಬಂದೇಟ್ಗೆ ಸ್ಟೇಬಲ್ ಅಲ್ಲ. ಮದ್ವೆ ಮನೇಲಿ ಎಲ್ರೂ ಒಳ್ಳೇವ್ರೇ. ಗೇಯಕ್ಕೆ ಹಚ್ಚುದ್ರೆ ಗೊತ್ತಾಗದು ಯೋಗ್ಯತೆ."

ಹಾಗಂದು ಒಂದು ಲೆಕ್ಕದ ಪ್ರೋಗ್ರಾಂ ಹಾಕಿಕೊಟ್ಟ. ಅದು ಇಡೀ ದಿನ ದೊಡ್ಡ ದೊಡ್ಡ ಲೆಕ್ಕ ಮಾಡಿಸುತ್ತದೆ. ಸರಿ ಉತ್ತರ ಅದಕ್ಕೆ ಮೊದಲೇ ಗೊತ್ತು. ಒಂದೇ ಒಂದು ತಪ್ಪಿದರೂ ಎರರ್ ಅಂತ ತೋರಿಸಿ ಕೈಚೆಲ್ಲುತ್ತದೆ.

"ಇದು ಪಾಸಾಗೋಗಂಟ ನಿನ್ ಫೈಲ್ ಮುಟ್ಬೇಡ ಕಣಮ್ಮ. ಹ್ಯಾಂಗ್ ಆದ್ರೆ ಕಣ್ಣಿಗೆ ಕಾಣ್ತದೆ. ಸದ್ದಿಲ್ದಂಗೆ ತಪ್ಪು ಮಾಡ್ತದಲ್ಲ, ಅದು ಡೇಂಜರ್ರು."

ನಾಳೆ ಫೋನ್ ಮಾಡ್ತೀನಿ ಅಂತ ಬಸ್ ಹತ್ತಿದ.

ಆ ಫೋನೇ ಇದು. ನನಗೋ ಫೋನ್ ಅಂದರೆ ಕೈ ಬೆವರುತ್ತದೆ. ಒಂದು ಪದ ಹೇಳಿ ಇಟ್ಟರೆ ಸಾಕು ಅನ್ನಿಸುತ್ತದೆ.

"ನಿಂತೈತೇನಮ್ಮ?"

ಸ್ಕ್ರೀನ್ ನೋಡುತ್ತೇನೆ. ಲೆಕ್ಕ ಸರಸರ ಸಾಗುತ್ತಿದೆ. ಒಂದೂ ಎರರ್ ಇಲ್ಲ.

"ಇಲ್ಲ" ಅಂದೆ, ಹೆಮ್ಮೆಯಿಂದ.

ಅವನು ಕೇಳಿದ್ದು, ಆ ಸ್ಪೀಡಿಗೆ ಗಟ್ಟಿಯಾಗಿ ನಿಂತಿದೆಯಾ ಅಂತ. ನಾನು ಹೇಳಿದ್ದು, ಎಲ್ಲೂ ನಿಂತುಹೋಗಿಲ್ಲ ಅಂತ.

ಶ್ಲೇಷಾಲಂಕಾರಕ್ಕೆ ಉದಾಹರಣೆ ಸಮೇತ ಉತ್ತರ ಬರೆದು ಮಾರ್ಕ್ಸ್ ತಗೊಂಡವಳು ನಾನು. ಆಗ ಮಾತ್ರ ಹೊಳೆಯಲೇ ಇಲ್ಲ.

"ಹೌದಾ... ಹಂಗಾದ್ರೆ ಪೆನ್ ತಗೋ" ಅಂದ. ವಿಂಡೋಸ್ ಬರುವ ಮುಂಚೆ ತೆರೆಯುವ ಬಯಾಸ್ ಸೆಟ್ಟಿಂಗ್‌ಗೆ ಹೋಗಿ ವೋಲ್ಟೇಜ್ ಒಂದು ಮೆಟ್ಟಿಲು ಏರಿಸುವುದು ಹೇಗೆ ಅಂತ ಬರೆಸಿದ. ಸ್ಪೀಡಿಗೆ ತಾಳದ ಯಂತ್ರಕ್ಕೆ ಕರೆಂಟ್ ಜಾಸ್ತಿ ಉಣಿಸಿದರೆ ಗಟ್ಟಿಯಾಗಿ ನಿಲ್ಲುತ್ತದೆ, ಬಿಸಿಯೂ ಏರುತ್ತದೆ ಅಂತ ನನಗೆ ತಿಳಿದದ್ದು ಆಮೇಲೆ. ಹಾಗೇ ಮಾಡಿ ಪ್ರೋಗ್ರಾಂ ಮತ್ತೆ ಶುರು ಮಾಡಿದೆ.

ಎರಡು ಗಂಟೆಗೆ ಮತ್ತೆ ಫೋನ್. "ಈಗ?"

"ಇಲ್ಲ ಸರ್. ಒಂದ್ಸಲಾನೂ ನಿಂತಿಲ್ಲ."

"ಥೂ ಇದರ! ಇನ್ನೊಂದು ಮೆಟ್ಲು ಏರ್ಸು."

ಇಷ್ಟು ಚೆನ್ನಾಗಿ ಓಡುತ್ತಿದ್ದರೆ ಇವನಿಗೇಕೆ ಬೇಜಾರು ಅಂತ ಅನ್ನಿಸಿತು. ಕೇಳಲಿಲ್ಲ. ಕೇಳಬೇಕಾದರೆ ಎರಡು ವಾಕ್ಯ ಮಾತಾಡಬೇಕಲ್ಲ!

ಊಟ ಮುಗಿಸಿ ಬಂದ ಚಂದ್ರಣ್ಣ ಕ್ಯಾಬಿನೆಟ್ ಮೇಲೆ ಕೈಯಿಟ್ಟು ಸರಕ್ಕನೆ ತೆಗೆದರು. "ಏನಮ್ಮ ಇದು, ಹಪ್ಪಳ ಒಣಗಿಸ್ಬೋದಲ್ಲ!"

ನಾಲ್ಕೂವರೆಗೆ ಸ್ಕ್ರೀನ್ ನೀಲಿಯಾಯಿತು. ಆಮೇಲೆ ಕಪ್ಪು. ಅಷ್ಟರಲ್ಲಿ ಫೋನ್.

"ನಿಂತ್ಕೊಂತಾ?"

"ಹೂಂ... ನಿಂತ್ಕೊಂತು."

"ಅಬ್ಬ! ಗೆದ್ವಿ ಬುಡು! ಇನ್ನು ಯಾರೂ ಕೈ ಹಾಕ್ಬೇಡಿ." ಫೋನ್ ಕಟ್.

ಕಪ್ಪು ಸ್ಕ್ರೀನ್ ಮುಂದೆ ನಾನು, ಅದರೊಳಗೆ ನನ್ನ ನೂರ ನಲವತ್ತು ಪುಟ. ಗೆದ್ದಿದ್ದು ಯಾರು ಅಂತ ತಿಳಿಯಲಿಲ್ಲ.

ಶುಕ್ರವಾರ ಮೊದಲ ಬಸ್ಸಿಗೇ ಲೋಕೇಶ ಬರುವಂತೆ ಮಾಡಿದ್ದು ರಾತ್ರಿ ಫೋನಿನಲ್ಲಿ ಚಂದ್ರಣ್ಣ ಬೈದ ಬೈಗುಳ. ಬಂದವನು ನನ್ನ ಕಡೆ ತಿರುಗಿದ.

"ನಿಂತೈತೆ ಅಂದ್ಯಲ್ಲಮ್ಮ?"

"ನಿಂತೇ ಇದೆ ಸರ್. ನೋಡಿ."

ಲೋಕೇಶ ಕಪ್ಪು ಸ್ಕ್ರೀನ್ ನೋಡಿದ, ಮತ್ತೆ ನನ್ನನ್ನು ನೋಡಿದ. ಆಮೇಲೆ ಚಂದ್ರಣ್ಣ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ಲೇ ಲೋಕಿ, ನಿನ್ ಪ್ರಶ್ನೇಗೆ ಆ ಹುಡ್ಗಿ ಸರಿಯಾಗೇ ಉತ್ತರ ಕೊಟ್ಟೈತೆ ಕಣ್ಲಾ!"

ನನಗೆ ನಗು ಬರಲಿಲ್ಲ. ಫೈಲ್ ಇದೆಯೋ ಇಲ್ಲವೋ!

ಲೋಕೇಶ ವೋಲ್ಟೇಜನ್ನು ಮೊದಲಿದ್ದಲ್ಲಿಗೆ ಇಳಿಸಿದ. ಸ್ಪೀಡ್ ನಾನೂರೈವತ್ತರಲ್ಲೇ ಬಿಟ್ಟ. ಬಟನ್ ಒತ್ತಿದ. ಪುಣ್ಯಕ್ಕೆ ವಿಂಡೋಸ್ ಬಂತು. ಮಧ್ಯಾಹ್ನ ಮೂರರವರೆಗೆ ಆ ಲೆಕ್ಕ ಓಡಿಸಿ, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕಾದ. ಒಂದೂ ತಪ್ಪಿಲ್ಲ.

ಅಂದರೆ ಪಾಪದ ಯಂತ್ರ ಗುರುವಾರ ಬೆಳಿಗ್ಗೆಯೂ ಸ್ಟೇಬಲ್ಲಾಗಿಯೇ ಇತ್ತು! ಅದನ್ನು ಅಷ್ಟು ಬೇಯಿಸಿದ್ದು ನನ್ನ "ಇಲ್ಲ".

ಫೈಲ್ ತೆರೆಯಿತು. ಆದರೆ ಸದ್ದಿಲ್ಲದ ತಪ್ಪಿನ ಭಯ ಹೋಗಬೇಕಲ್ಲ. ಸಂಜೆಯವರೆಗೂ, ಶನಿವಾರ ಬೆಳಿಗ್ಗೆ ಬೇಗ ಬಂದೂ, ನೂರ ನಲವತ್ತು ಪುಟವನ್ನೂ ಹಸ್ತಪ್ರತಿ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಓದಿದೆ.

ಮೂರು ತಪ್ಪು ಸಿಕ್ಕವು. ನೋಡಿದ ಕೂಡಲೇ ಗುರುತು ಹತ್ತಿತು... ಮೂರೂ ನನ್ನವೇ. ಕಂಪ್ಯೂಟರಿನದು ಒಂದೂ ಇರಲಿಲ್ಲ.

ಪ್ರಿಂಟಿನ ಕಟ್ಟು ಎದೆಗವಚಿಕೊಂಡು ತುಮಕೂರು ಬಸ್ ಹತ್ತುವಾಗ ಚಂದ್ರಣ್ಣ ಕಿಟಕಿ ಹತ್ತಿರ ಬಂದರು.

"ಸೋಮವಾರದಿಂದ ನೀನು ಪರ್ಮನೆಂಟ್ ಕಣಮ್ಮ. ಆದ್ರೆ ಫೋನ್ ಮಾತ್ರ ನಾನೇ ಎತ್ತೀನಿ."

ಯಂತ್ರ ಗಟ್ಟಿಯೋ ಅಲ್ಲವೋ ಅಂತ ತಿಳಿಯಲು ದಿನವಿಡೀ ಲೆಕ್ಕ ಮಾಡಿಸಬೇಕಂತೆ, ಒಪ್ಪಿದೆ... ಆದರೆ ನನ್ನ ಹಾಗೆ ಒಂದೇ ಪದದಲ್ಲಿ ಉತ್ತರ ಕೊಟ್ಟು ನೀವು ಏನೇನು ಸುಟ್ಟುಕೊಂಡಿದ್ದೀರಿ, ಹೇಳಿ?