ತಿದ್ದಿದ ಮುಖ

ಅಂಕೋಲೆಯ ಪೇಂಟರರೊಬ್ಬರು ಹೊಟ್ಟೆಪಾಡಿಗೆ ಗೋಡೆಗಳ ಮೇಲೆ ಸಿಮೆಂಟು, ಛತ್ರಿ, ಬೀಡಿಗಳ ಜಾಹೀರಾತು ಬರೆಯುತ್ತಿದ್ದರು. ಡಬ್ಬಿಯ ತಳದಲ್ಲಿ ಬಣ್ಣ ಉಳಿದರೆ ಅದನ್ನು ಮನೆಗೆ ಒಯ್ಯುತ್ತಿರಲಿಲ್ಲ. ಹತ್ತಿರದ ಖಾಲಿ ಗೋಡೆ ನೋಡಿ, ಯಾರೂ ಹೇಳದಿದ್ದರೂ, ತಮಗೆ ಬೇಕಾದದ್ದನ್ನು ಬರೆದುಬಿಡುತ್ತಿದ್ದರು. ದೋಣಿ ನೂಕುವವರ ಬೆನ್ನುಗಳು, ಬಸ್ಸಿಗೆ ಕಾಯುತ್ತ ಕೂತಲ್ಲೇ ನಿದ್ದೆಹೋದ ಮುದುಕ. ನಾನಾಗ ಕಾರವಾರದ ಶಾಲೆಯೊಂದರಲ್ಲಿ ಶಿಕ್ಷಕಿ, ಅಲ್ಲೇ ಹಬ್ಬುವಾಡದ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದೆ. ರಜೆಯಲ್ಲಿ ತವರಿಗೆಂದು ಅಂಕೋಲೆಗೆ ಹೋದಾಗಲೆಲ್ಲ ಆ ಗೋಡೆಗಳನ್ನು ಹುಡುಕಿಕೊಂಡು ತಿರುಗುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಫ್ಲೆಕ್ಸ್ ಬಂತು. ಗೋಡೆ ಬರೆಸುವವರು ಕಡಿಮೆಯಾದರು. ಮದುವೆ ಕಾಗದಗಳ ಅಚ್ಚಿಗೆಂದು ಮನೆಯಲ್ಲಿದ್ದ ಸ್ಕ್ರೀನ್ ಪ್ರಿಂಟಿಂಗ್ ಚೌಕಟ್ಟಿನಲ್ಲಿ ಅವರು ತಮ್ಮ ಗೋಡೆಚಿತ್ರಗಳನ್ನೇ ದಪ್ಪ ಕಾಗದಕ್ಕೆ ಇಳಿಸತೊಡಗಿದರು. ಒಂದೊಂದರದೂ ಹದಿನೈದೇ ಪ್ರತಿ. ಆಮೇಲೆ ಚೌಕಟ್ಟಿಗೆ ಬಿಗಿದ ಬಟ್ಟೆಯನ್ನು ತೊಳೆದುಬಿಟ್ಟರೆ ಚಿತ್ರ ಮತ್ತೆ ಅಚ್ಚಾಗುವಂತಿಲ್ಲ. ಅಚ್ಚಿನಲ್ಲಿ ಬರುತ್ತಿದ್ದದ್ದು ಕಪ್ಪು, ನೀಲಿ ಮಾತ್ರ. ಉಳಿದ ಬಣ್ಣವನ್ನು ಪ್ರತಿಯೊಂದಕ್ಕೂ ಕೈಯಿಂದಲೇ ತುಂಬುತ್ತಿದ್ದರಿಂದ ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. ನಾನು ಎಲ್ಲದರದೂ ಒಂದೊಂದು ತೆಗೆದುಕೊಂಡು ಟ್ರಂಕಿನಲ್ಲಿ ಇಡುತ್ತಿದ್ದೆ. ದೇವಬಾಗದ ಕಡಲತೀರಕ್ಕೆ ಬರುವ ಪ್ರವಾಸಿಗರು ಉಳಿದವನ್ನು ಒಯ್ಯುತ್ತಿದ್ದರು.

ನನಗೆ ಬಹಳ ಹಿಡಿಸಿದ್ದು ಮೀನುಪೇಟೆಯ ಗೋಡೆಯ ಹೆಂಗಸು. ತಲೆಯ ಮೇಲೆ ಬುಟ್ಟಿ, ಒಂದು ಕೈ ಸೊಂಟದಲ್ಲಿ, ಬಾಯಿ ತುಂಬ ನಗು. ಅದು ಅವರ ಹೆಂಡತಿಯೇ. ಆಕೆ ಆ ಗೋಡೆಯ ಬುಡದಲ್ಲೇ ಕೂತು ಮೀನು ಮಾರುತ್ತಿದ್ದಳು.

"ಅಕ್ಕೋರೆ, ನಾ ಹೀಂಗೆ ಹಲ್ಲು ಕಿಸ್ದದ್ದು ನೀವು ಯಾವಾಗಾದ್ರೂ ಕಂಡೀರಿ? ಇವ್ರಿಗೆ ಮಳ್ಳು," ಎಂದು ಒಮ್ಮೆ ಬಂಗಡೆ ಕೊಡುತ್ತ ಹೇಳಿದಳು. ಹೇಳುವಾಗಲೂ ನಗಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಆ ಗೋಡೆ ಬಿತ್ತು. ಹೊಸ ಕಟ್ಟಡಕ್ಕೆಂದು ಕೆಡವಿದರು. ಅದೇ ಮಳೆಗಾಲ ಆಕೆಗೆ ಕಾಮಾಲೆ ಆಗಿ, ನಾಟಿ ಔಷಧ, ಆಸ್ಪತ್ರೆ ಎಲ್ಲ ಮುಗಿದು, ಹೋಗಿಬಿಟ್ಟಳು.

ಒಂದು ಭಾನುವಾರ ಪೇಂಟರರು ಹಬ್ಬುವಾಡದ ನನ್ನ ಬಾಗಿಲಿಗೆ ಬಂದು ನಿಂತರು. ಗಡ್ಡ ಬೆಳೆದಿತ್ತು.

"ನಿಮ್ಮ ಹತ್ರ ಅವ್ಳ ಚಿತ್ರ ಇತ್ತಲ್ರಾ, ಒಂದ್ಸಲ ತೋರಿಸ್ತ್ರಿ? ಮನೇಲಿ ಒಂದು ಫೋಟೋನೂ ಇಲ್ಲ. ನಂದೆಲ್ಲಾ ಮಾರಿ ಹೋಯ್ತು."

ಟ್ರಂಕಿನಿಂದ ತೆಗೆದು ಮಂಚದ ಮೇಲೆ ಹರಡಿದೆ. ಕೊಟ್ಟ ಚಾ ಕೆನೆಗಟ್ಟುವವರೆಗೂ ನೋಡುತ್ತ ಕೂತರು.

"ಇದು ಅವ್ಳಲ್ಲ ಅಕ್ಕೋರೆ," ಎಂದರು ಕೊನೆಗೆ. "ಬೆಳಗಾಗೂ ಮುಂಚೆ ಬುಟ್ಟಿ ಹೊತ್ಕಂಡು ಹೋಗೂ ಹೆಂಗಸು ಹೀಂಗೆ ನಗೂದಾ? ನೋಡೂರಿಗೆ ಚಂದ ಕಾಣ್ಲಿ ಹೇಳಿ ನಾನೇ ನಗಿಸ್ದೆ. ಕೊಡಿ, ತಿದ್ದಿ ತಂದ್ಕೊಡ್ತೆ."

ಕೊಡಲು ಮನಸ್ಸಿರಲಿಲ್ಲ. ಕೊಡುವುದಿಲ್ಲ ಎನ್ನಲೂ ಬಾಯಿ ಬರಲಿಲ್ಲ. ಹಳೆಯ ಪೇಪರಿನಲ್ಲಿ ಸುತ್ತಿಕೊಟ್ಟೆ.

ದಸರಾ ರಜೆಯಲ್ಲಿ ಅವರ ಮನೆಗೆ ಹೋದೆ. ಚಿತ್ರವನ್ನು ಹಲಗೆಗೆ ಮೊಳೆ ಹೊಡೆದು ನಿಲ್ಲಿಸಿದ್ದರು. ಬುಟ್ಟಿ, ಸೊಂಟದ ಕೈ, ನೀಲಿ ಸೀರೆ ಇದ್ದ ಹಾಗೇ ಇದ್ದವು. ಮುಖ ಮಾತ್ರ ಇರಲಿಲ್ಲ. ನಗು ಅಳಿಸಿ ತುಟಿ ಬರೆದು, ಅದು ಸರಿಯಾಗದೆ ಅದರ ಮೇಲೆ ಬಣ್ಣ ಬಳಿದು, ಮತ್ತೆ ಬರೆದು, ಮತ್ತೆ ಬಳಿದು, ಆ ಜಾಗದಲ್ಲಿ ಕಂದುಗಪ್ಪಿನ ಗಡ್ಡೆ ಕಟ್ಟಿತ್ತು. ಕಾಗದ ಉಬ್ಬಿಕೊಂಡಿತ್ತು.

"ಧ್ವನಿ ಕೇಳ್ತದೆ ಅಕ್ಕೋರೆ. ಬೈದದ್ದೆಲ್ಲಾ ಕೇಳ್ತದೆ. ಮುಖ ಬರೂದಿಲ್ಲ," ಎಂದರು. ಆಮೇಲೆ, "ನೀವು ರಜೆಗೆ ಬಂದಾಗೆಲ್ಲಾ ಕಂಡೋರಲ್ರಾ, ಹುಬ್ಬು ಹೆಂಗಿತ್ತು ಹೇಳಿ. ಬರೀತೆ," ಎಂದು ಕುಂಚ ಎತ್ತಿಕೊಂಡರು.

ಕಣ್ಣು ಮುಚ್ಚಿ ನೆನೆದೆ. ಎಷ್ಟು ವರ್ಷ ಆಕೆಯ ಹತ್ತಿರ ಮೀನು ಕೊಂಡವಳು ನಾನು. ಆದರೆ ಕಣ್ಣೆದುರು ಬಂದದ್ದು ಅಚ್ಚಿನ ಆ ನಗುಮುಖವೇ. ಅದನ್ನು ಸರಿಸಿ ಹಿಂದಿನದನ್ನು ಕಾಣಲು ನನ್ನಿಂದಾಗಲಿಲ್ಲ. "ನೆನಪಾಗ್ತಾ ಇಲ್ಲ," ಎಂದೆ. ಅವರು ಕುಂಚ ಕೆಳಗಿಟ್ಟರು.

ವರ್ಷ ಕಳೆಯುವುದರೊಳಗೆ ಅವರ ಮಗಳು ಬಂದು ಅವರನ್ನು ಗೋವೆಗೆ ಕರೆದುಕೊಂಡು ಹೋದಳು. ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಬೇಕಿತ್ತು. ಸುದ್ದಿ ತಿಳಿದು ನಾನು ಹೋಗಿ ಕಂಡೆ. ತುಸು ಹೊತ್ತು ಮಳೆಯ ಮಾತು, ಮಗಳ ಮನೆಯ ಮಾತು ಆಯಿತು. ಕೊನೆಗೆ ತಡೆಯಲಾರದೆ ಚಿತ್ರದ ಬಗ್ಗೆ ಕೇಳಿದೆ.

"ಬಚ್ಚಲ ಒಲೆಗೆ ಹಾಕ್ದೆ," ಎಂದರು. "ಪೇಂಟಲ್ರಾ, ಲಾಯಕ್ ಉರೀತು."

ಮಗಳು ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ಮಡಗಾಂವದ ಬಸ್ಸು ಬಂತು. ಅವರು ಸೀಟು ಹಿಡಿಯಲೆಂದು ಕಿಟಕಿಯಿಂದ ಟವೆಲು ಹಾಕಿ, ಎಲ್ಲರಂತೆ ನೂಕಾಡಿ ಹತ್ತಿದರು.