ಅವ್ವ ಅಲ್ಲಿ ‘ಬರ್ತೇನಿ’ ಅಂದಳು

ನಾನು ಕಾರಿನ ಬ್ರೇಕ್ ಪರೀಕ್ಷಿಸುವ ಕೆಲಸದವಳು. ಅಳತೆಗೆ ಸಿಗದ್ದನ್ನು ರಿಪೋರ್ಟಿನಲ್ಲಿ ಬರೆದರೆ ನಮ್ಮ ಬಾಸ್ ಕೆಂಪು ಗೆರೆ ಎಳೆದು ವಾಪಸ್ ಕಳಿಸುತ್ತಾನೆ. ಇದನ್ನೂ ಹಾಗೆಯೇ ಬರೆಯುತ್ತಿದ್ದೇನೆ, ಉಪ್ಪು ಖಾರ ಹಚ್ಚದೆ, ಆಗಿದ್ದಷ್ಟನ್ನೇ. ನನ್ನ ಗಂಡ ಗಿರೀಶನನ್ನು ಕೇಳಿದರೆ “ಅದರ ಮಾತ ಬ್ಯಾಡ” ಎಂದು ಎದ್ದು ಹೋಗುತ್ತಾನೆ. ಅವನಿಗೂ ಅದು ಕೇಳಿಸಿತ್ತು ಎನ್ನುವುದಕ್ಕೆ ನನಗೆ ಬೇರೆ ಸಾಕ್ಷಿ ಬೇಕಿಲ್ಲ.

ನಾವಿರುವುದು ಜರ್ಮನಿಯ ಕಾರ್ಲ್ಸ್‌ರುಹೆಯಲ್ಲಿ. ಹೋದ ವರ್ಷ ಧಾರವಾಡದಿಂದ ಅವ್ವ ಮೂರು ತಿಂಗಳಿಗೆಂದು ಬಂದಿದ್ದಳು. ಬಂದ ವಾರಕ್ಕೇ ವಾಷಿಂಗ್ ಮಷಿನ್ ಜೊತೆ ಅವಳ ಜಗಳ ಶುರು. “ಇದರಾಗ ಬಟ್ಟಿ ಬರೇ ತಿರಗತಾವ, ಒಗದಂಗ ಆಗೂದಿಲ್ಲ. ಬಟ್ಟಿಗೆ ಕಲ್ಲು ಬೇಕು” ಎಂದು ಬಾತ್‌ಟಬ್ಬಿನ ಅಂಚಿಗೆ ಸೀರೆ ಬಡಿದಳು, ಅದೂ ಭಾನುವಾರ! ಕೆಳಗಿನ ಮನೆಯ ಅಜ್ಜಿ ಮೇಲೆ ಬಂದು, ಭಾನುವಾರ ಸದ್ದು ಮಾಡಬಾರದೆಂದು ನನಗೆ ಪಾಠ ಹೇಳಿ ಹೋದಳು. ಅವ್ವ ನನ್ನ ಬೆನ್ನ ಹಿಂದಿನಿಂದ ಅವಳಿಗೂ “ಹೋಗಿ ಬಾ ಯವ್ವಾ” ಎಂದಳು.

ಅದು ಅವ್ವನ ಇನ್ನೊಂದು ಚಟ. ಹೊರಡುವಾಗ ‘ಹೋಗ್ತೇನಿ’ ಎಂಬ ಮಾತು ಅವಳ ಬಾಯಲ್ಲಿ ಬರುವುದಿಲ್ಲ. ಟ್ರಾಮ್ ಇಳಿಯುವಾಗ ಡ್ರೈವರಿಗೆ ‘ಬರ್ತೇನಪ್ಪಾ’, ಅಂಗಡಿಯಲ್ಲಿ ಬಿಲ್ ಹಾಕುವ ಹುಡುಗಿಗೆ ‘ಬರ್ತೇನವಾ’. ನಾನು ನಕ್ಕರೆ ಬೈಯುತ್ತಿದ್ದಳು. “ಹೋಗ್ತೇನಿ ಅನ್ನೂದು ಸತ್ತವರ ಮಾತು. ಬದುಕಿದವರು ಬರ್ತೇನಿ ಅನ್ನಬೇಕು.”

ಗಿರೀಶನಿಗೆ ಹಳೆಯ ಕಲ್ಲು ಕಂಡರೆ ಹುಚ್ಚು. ರೈನ್ ನದಿ ದಾಟಿದರೆ ಫ್ರಾನ್ಸ್; ಅಲ್ಲಿನ ಹಳ್ಳಿಗಳಲ್ಲಿ ಕುಸಿದ ಕೋಟೆ, ಯುದ್ಧದ ಬಂಕರ್, ಯಾವುದೋ ಸಂತನ ಗುಡಿ ಎಂದು ಶನಿವಾರ ಬಂದರೆ ನಮ್ಮನ್ನು ಎಳೆದುಕೊಂಡು ಹೊರಡುತ್ತಿದ್ದ. ನವೆಂಬರಿನ ಒಂದು ಶನಿವಾರ ಅವ್ವನನ್ನೂ ಕರೆದುಕೊಂಡು ಹೋದೆವು. ಅವಳು ಸೀರೆಯ ಮೇಲೆ ನನ್ನ ಜಾಕೆಟ್, ತಲೆಗೆ ಮಂಕಿ ಕ್ಯಾಪ್ ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದಳು.

ಬೆಳಿಗ್ಗೆ ಕಾಡಿನ ನಡುವಿನ ಬಂಕರ್ ನೋಡಿದೆವು. ಮಧ್ಯಾಹ್ನ ಒಂದು ಚರ್ಚಿನ ಗೋಡೆಯ ಮೇಲೆ ಅರ್ಧ ಅಳಿಸಿಹೋದ ಚಿತ್ರಗಳು. ಕೊನೆಗೆ ಒಂದು ಸಣ್ಣ ಹಳ್ಳಿಗೆ ಬಂದಾಗ ನಾಲ್ಕು ಗಂಟೆ. ಹೆಚ್ಚಿನ ಮನೆಗಳ ಕಿಟಕಿಗೆ ಮರದ ಬಾಗಿಲು ಹಾಕಿತ್ತು. ಚಿಮಣಿಗಳಲ್ಲಿ ಹೊಗೆ ಇತ್ತು, ಬೀದಿಯಲ್ಲಿ ಜನವಿರಲಿಲ್ಲ.

ಹಳ್ಳಿಯ ಕೆಳಗೆ, ರಸ್ತೆಯಿಂದ ಹತ್ತು ಮೆಟ್ಟಿಲು ಇಳಿದರೆ, ಹೆಂಚಿನ ಮಾಡಿನ ಕೆಳಗೆ ಉದ್ದನೆಯ ಕಲ್ಲಿನ ತೊಟ್ಟಿ. ಸುತ್ತ ಒಳಕ್ಕೆ ಇಳಿಜಾರಾದ ಚಪ್ಪಡಿಗಳು. ಹಿಂದೆ ಊರಿನ ಹೆಂಗಸರೆಲ್ಲ ಇಲ್ಲಿಯೇ ಬಟ್ಟೆ ಒಗೆಯುತ್ತಿದ್ದರಂತೆ. ಅವ್ವನ ಮುಖ ಅರಳಿತು.

“ನೋಡ, ಇವರಿಗೂ ಗೊತ್ತಿತ್ತು! ಒಗಿಯೂ ಕಲ್ಲು!” ಎಂದು ಚಪ್ಪಡಿಯನ್ನು ಸವರಿದಳು.

ಗಿರೀಶನಿಗೆ ಗುಡ್ಡದ ಮೇಲಿನ ಮುರುಕು ಬುರುಜು ನೋಡಬೇಕಿತ್ತು. ಅವ್ವನಿಗೆ ಮೊಣಕಾಲು ನೋವು. “ನೀವು ಹೋಗಿ ಬರ್ರಿ, ನಾ ಇಲ್ಲೇ ಕೂಡ್ತೇನಿ” ಎಂದಳು. ಕಾಲು ಗಂಟೆಯಲ್ಲಿ ಬರುತ್ತೇವೆ ಎಂದು ಹೇಳಿ ಹೋದವರು ಒಂದು ಗಂಟೆ ಮಾಡಿದೆವು. ಭಾಷೆ ಬಾರದ ಅರವತ್ತೇಳು ವರ್ಷದ ಮುದುಕಿಯನ್ನು ಗುರುತಿಲ್ಲದ ಊರಿನಲ್ಲಿ ಒಬ್ಬಳೇ ಬಿಟ್ಟು ಫೋಟೋ ತೆಗೆಯುತ್ತಾ ನಿಂತವಳು ನಾನೇ. ಆ ತಪ್ಪು ನನ್ನದು.

ಇಳಿಯುವಾಗ ಮಂಜು ಕವಿಯಿತು. ಗಡಿಯಾರದಲ್ಲಿ ಇನ್ನೂ ಐದು, ಹೊರಗೆ ಮಾತ್ರ ನಡುರಾತ್ರಿಯ ಕತ್ತಲು... ಕಾಲ ಕೆಳಗಿನ ಕಲ್ಲೂ ಕಾಣುತ್ತಿರಲಿಲ್ಲ.

ಆಗ ಕೇಳಿಸಿತು.

ಟಪ್... ಟಪ್... ಟಪ್...

ಒದ್ದೆ ಬಟ್ಟೆ ಕಲ್ಲಿಗೆ ಬೀಳುವ ಸದ್ದು. ಅದನ್ನು ಕೇಳುತ್ತಲೇ ಬೆಳೆದವಳು ನಾನು, ತಪ್ಪುವ ಮಾತೇ ಇಲ್ಲ. ಅದರ ಜೊತೆಗೆ ಒಲೆಯ ಬೂದಿ ನೆನೆಸಿದ ನೀರಿನ ವಾಸನೆ.

“ನಿಮ್ಮವ್ವ ಸುಮ್ನ ಕೂಡೂ ಪೈಕಿ ಅಲ್ಲ ನೋಡ” ಎಂದು ಗಿರೀಶ ನಕ್ಕ. ನಾನೂ ನಕ್ಕೆ. ನಾಲ್ಕು ಹೆಜ್ಜೆ ಇಟ್ಟ ಮೇಲೆ ಹೊಳೆಯಿತು... ಅವ್ವ ಯಾರ ಬಟ್ಟೆ ಒಗೆಯುತ್ತಿದ್ದಾಳೆ?

ಓಡಿದೆ. ಮೆಟ್ಟಿಲ ಹತ್ತಿರ ಬರುವಷ್ಟರಲ್ಲಿ ಸದ್ದು ನಿಂತಿತು. ಅವ್ವ ತೊಟ್ಟಿಯ ಈ ತುದಿಯಲ್ಲಿ, ನಮಗೆ ಬೆನ್ನು ಮಾಡಿ ನಿಂತಿದ್ದಳು. ಜಾಕೆಟಿನ ತೋಳು ಮೊಣಕೈವರೆಗೆ ತೊಯ್ದು ನೀರು ತೊಟ್ಟಿಕ್ಕುತ್ತಿತ್ತು. ಕೈ ಹಿಡಿದರೆ ಐಸು.

“ಏನ್ ಮಾಡಾಕತ್ತೀದಿ ಅವ್ವಾ?”

“ಮೆಲ್ಲಗ ಮಾತಾಡ” ಎಂದಳು. “ಆಕಿಗೆ ಹಿಂಡಾಕ ಕೈ ಹಚ್ಚಿದ್ದೆ. ಅಷ್ಟ ದೊಡ್ಡ ಚಾದರಾ, ಒಬ್ಬಾಕಿಗೆ ಹೆಂಗ ಆಗತೈತಿ? ಆ ತುದಿ ಆಕಿ ಹಿಡದಾಳ, ಈ ತುದಿ ನಾ ಹಿಡದೆ.”

“ಯಾರು?”

ಅವ್ವ ತೊಟ್ಟಿಯ ಆಚೆ ತುದಿಗೆ ಗದ್ದ ತೋರಿಸಿದಳು. ಅಲ್ಲಿ ಕತ್ತಲು ಬಿಟ್ಟರೆ ಏನೂ ಇರಲಿಲ್ಲ.

“ಆಕಿ ಏನ್ ಮಾತಾಡಿದ್ಲು?”

“ಬಟ್ಟಿ ಹಿಂಡಾಕ ಮಾತ್ಯಾಕ ಬೇಕು? ಭಾಳ ದಣದಾಳ ಪಾಪ. ಇನ್ನೂ ಅರ್ಧಾ ಉಳದೈತಿ... ತಡಿ, ಮುಗಿಸಿ ಬರ್ತೇನಿ.”

ನನಗೆ ಹೆದರಿಕೆಯಾದರೆ ಸಿಟ್ಟು ಬರುತ್ತದೆ. ಅವಳ ರಟ್ಟೆ ಹಿಡಿದು ಮೆಟ್ಟಿಲು ಹತ್ತಿಸಿದೆ. ಮೂರನೆಯ ಮೆಟ್ಟಿಲಲ್ಲಿ ಅವ್ವ ಹಿಂತಿರುಗಿ, ನೆರೆಮನೆಯವಳಿಗೆ ಹೇಳುವ ಹಾಗೆ ಹೇಳಿದಳು.

“ಬರ್ತೇನವಾ.”

ಕತ್ತಲೆಯೊಳಗಿಂದ ಉತ್ತರ ಬಂತು.

“ಹೂಂ...”

ಹೆಂಗಸಿನ ದನಿ. ತಗ್ಗಿದ, ಎಳೆದ, ದಣಿದ ದನಿ. ಹೂಂ ಅನ್ನಲು ಯಾವ ದೇಶದ ಭಾಷೆಯೂ ಬೇಡ. ಗಿರೀಶ ನನ್ನ ಕೈ ಹಿಡಿದ ರೀತಿಯಲ್ಲೇ ಅವನಿಗೂ ಕೇಳಿಸಿದ್ದು ಗೊತ್ತಾಯಿತು. ಅವನು ಮೊಬೈಲ್ ಟಾರ್ಚ್ ಹಾಕಿದ. ಮಾಡಿನ ಕೆಳಗೆ ಯಾರೂ ಇರಲಿಲ್ಲ. ತೊಟ್ಟಿಯ ತಳದಲ್ಲಿ ಒಣಗಿದ ಎಲೆಗಳು ಬಿದ್ದಿದ್ದವು. ಒಂದು ಹನಿ ನೀರು ಇರಲಿಲ್ಲ.

ನನ್ನ ಕೈಯೊಳಗಿದ್ದ ಅವ್ವನ ತೋಳಿನಿಂದ ನೀರು ಇನ್ನೂ ಇಳಿಯುತ್ತಲೇ ಇತ್ತು.

ಕಾರಿನ ಹತ್ತಿರದ ಮನೆಯ ಮುದುಕನೊಬ್ಬ ಕಿಟಕಿಯ ಬಾಗಿಲು ಎಳೆದುಕೊಳ್ಳುತ್ತಿದ್ದ. ಆ ಕಡೆಯ ಹಿರಿಯರಿಗೆ ಒಂದು ಬಗೆಯ ಜರ್ಮನ್ ಬರುತ್ತದೆ. ಕೆಳಗಿನ ತೊಟ್ಟಿಯಲ್ಲಿ ಈಗಲೂ ಬಟ್ಟೆ ಒಗೆಯುತ್ತಾರಾ ಎಂದು ಕೇಳಿದೆ. ತನ್ನ ಅಪ್ಪ ಸಣ್ಣವನಿದ್ದಾಗಲೇ ಅದರ ನೀರು ನಿಂತಿತು ಎಂದ. ಆಮೇಲೆ ಅವ್ವನ ತೋಳು ನೋಡಿದ. ಬಹಳ ಹೊತ್ತು ನೋಡಿದ.

“ಇವರು ಅಲ್ಲಿ ಏನಾದರೂ ಹೇಳಿದರಾ?” ಎಂದು ಕೇಳಿದ.

“ಹೊರಡುವ ಮಾತು ಹೇಳಿದರು, ಅಷ್ಟೇ” ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹೊರಗಿನವರಿಗೆ ನಮ್ಮ ಪದ್ಧತಿ ವಿವರಿಸುವ ಹುಮ್ಮಸ್ಸು ನನಗೆ ಯಾವಾಗಲೂ ಒಂದು ತೂಕ ಹೆಚ್ಚು. “ನಮ್ಮಲ್ಲಿ ಹೋಗುತ್ತೇನೆ ಅನ್ನುವುದಿಲ್ಲ. ಮತ್ತೆ ಬರುತ್ತೇನೆ ಅಂತ ಹೇಳುತ್ತೇವೆ.”

ಮುದುಕನ ಮುಖ ಬಿಳುಪೇರಿತು. “ಅಯ್ಯೋ, ಬೇಡವಾಗಿತ್ತು” ಎಂದ, ನನಗಲ್ಲ, ಅವ್ವನಿಗೆ. ಕಿಟಕಿ ಮುಚ್ಚಿ ಒಳಗಿನಿಂದ ಚಿಲಕ ಹಾಕಿಕೊಂಡ. ಗಿರೀಶ ಎರಡು ಸಲ ಬಾಗಿಲು ತಟ್ಟಿದ. ತೆರೆಯಲಿಲ್ಲ.

ಕಾರ್ಲ್ಸ್‌ರುಹೆಗೆ ಬಂದ ಮೇಲೂ ಅವ್ವನ ಬೆರಳ ತುದಿಗಳು ನೀರಿನಲ್ಲಿ ನೆನೆದಂತೆ ಸುಕ್ಕುಗಟ್ಟಿಯೇ ಇದ್ದವು, ಹನ್ನೆರಡು ದಿನ. ಡಾಕ್ಟರ್ ಮುಲಾಮು ಕೊಟ್ಟು ಕಳಿಸಿದರು. ಮಷಿನ್ ಬಗ್ಗೆ ಅವಳ ತಕರಾರು ನಿಂತುಹೋಯಿತು. ಮಧ್ಯಾಹ್ನ ಸೋಫಾದ ಮೇಲೆ ನಿದ್ದೆ ಹೋದರೆ ಅವಳ ಎರಡೂ ಮುಷ್ಟಿಗಳು ಸೆರಗನ್ನು ಮೆಲ್ಲಗೆ ತಿರುವುತ್ತಿದ್ದವು... ಹಿಂಡುವ ಹಾಗೆ. ಸೆರಗು ಬಿಡಿಸಿಕೊಂಡು ಆ ಕೈಗಳನ್ನು ನನ್ನ ಕೈಯಲ್ಲಿ ಹಿಡಿದು ಕೂರುತ್ತಿದ್ದೆ. ಅಷ್ಟು ಹೆದರಿಕೆ ನನಗೆ ಜನ್ಮದಲ್ಲಿ ಆಗಿಲ್ಲ.

ವೀಸಾ ಮುಗಿಯಿತು. ಫ್ರಾಂಕ್‌ಫರ್ಟ್ ಏರ್‌ಪೋರ್ಟಿನಲ್ಲಿ ಸೆಕ್ಯುರಿಟಿ ಸಾಲಿನ ಮುಂದೆ ಅವ್ವ ನನ್ನ ಕೆನ್ನೆ ಸವರಿದಳು.

“ಹೋಗ್ತೇನವಾ.”

ನಾನು ಅವಳ ಕೈ ಹಿಡಿದುಕೊಂಡೆ. “ಅವ್ವಾ! ಬರ್ತೇನಿ ಅನ್ನ.”

ಅವಳು ಬಾಯಿ ತೆರೆದಳು. ಮಾತು ಬರಲಿಲ್ಲ. ಮತ್ತೆ ಪ್ರಯತ್ನಿಸಿದಳು. ಕಣ್ಣಲ್ಲಿ ನೀರು ತುಂಬಿತು.

“ಆ ಮಾತು ಆಕಿಗೆ ಕೊಟ್ಟಬಿಟ್ಟೇನಿ, ಶೈಲಾ. ಬರವಲ್ದು.”

ಇದಾಗಿ ಎಂಟು ತಿಂಗಳಾಯಿತು. ಧಾರವಾಡದಲ್ಲಿ ಅಣ್ಣನ ಮನೆಯಲ್ಲಿ ಚೆನ್ನಾಗಿದ್ದಾಳೆ, ಬಿಪಿ ಶುಗರ್ ಎಲ್ಲ ಸರಿ ಇದೆ. ಆದರೆ ಇಲ್ಲಿಂದ ಹೋಗುವಾಗ ಇನ್ನು ವಿಮಾನ ಹತ್ತುವುದಿಲ್ಲ ಎಂದವಳು ಈಗ ಫೋನ್ ಮಾಡಿದಾಗಲೆಲ್ಲ ಒಂದೇ ಹಟ ಹಿಡಿಯುತ್ತಾಳೆ, ವೀಸಾದ ಕಾಗದ ಕಳಿಸು ಎಂದು. ಅವಳ ಖರ್ಚು, ಜವಾಬ್ದಾರಿ ನನ್ನದೆಂದು ನಾನು ಇಲ್ಲಿನ ಆಫೀಸಿನಲ್ಲಿ ಸಹಿ ಮಾಡಿದರೆ ಮಾತ್ರ ಅವಳಿಗೆ ವೀಸಾ.

ಹೋದ ಶನಿವಾರ ಧೈರ್ಯ ಮಾಡಿ ಕೇಳಿಬಿಟ್ಟೆ. “ನನ್ನ ನೋಡಾಕ ಬರ್ತೀಯೇನವಾ? ಖರೇ ಹೇಳ.”

ಬಹಳ ಮೆಲ್ಲಗೆ ಅಂದಳು, “ಅರ್ಧಾ ಉಳದೈತಲ್ಲವಾ...”

ಅವಳ ಹಿಂದೆ ಏನೋ ಸದ್ದು. ಟಪ್... ಟಪ್... ಅಣ್ಣನ ಮನೆಯಲ್ಲೂ ಈಗ ಬಟ್ಟೆಗೆ ಮಷಿನ್ನೇ.

“ಆತವಾ, ಫೋನ್ ಇಡ್ತೇನಿ” ಎಂದೆ.

“ಹೂಂ...”

ನನ್ನ ಅವ್ವನ ಹೂಂ ನನಗೆ ಗೊತ್ತಿಲ್ಲವೇ? ಚುಟುಕಾಗಿ, ಮೂಗಿನಲ್ಲಿ ಬರುವಂಥದ್ದು. ಇದು ಹಾಗಿರಲಿಲ್ಲ. ತಗ್ಗಿದ, ಎಳೆದ, ದಣಿದ ದನಿ. ಅದನ್ನು ನಾನು ಇನ್ನೊಂದೇ ಕಡೆ ಕೇಳಿದ್ದು.

ಆಫೀಸಿನ ಅಪಾಯಿಂಟ್‌ಮೆಂಟ್ ಗುರುವಾರ ಇದೆ. ಫಾರ್ಮು ಊಟದ ಟೇಬಲ್ ಮೇಲೆ ಬಿದ್ದಿದೆ. ಅವ್ವನ ಹೆಸರು, ಪಾಸ್‌ಪೋರ್ಟ್ ನಂಬರ್, ಎಲ್ಲ ತುಂಬಿದ್ದೇನೆ. ಅವಳನ್ನು ನೋಡಬೇಕು ಅನ್ನಿಸುತ್ತದೆ, ದಿನಾ ಅನ್ನಿಸುತ್ತದೆ. ಪೆನ್ನು ತೆಗೆದುಕೊಂಡು ಕೂರುತ್ತೇನೆ. ಸಹಿಯ ಜಾಗ ಇನ್ನೂ ಖಾಲಿಯೇ ಇದೆ.